ಯಾವ ಗಾಡಿ ಬರುತ್ತೆ?



ಸ್ವಂತ ಮನೆ ಇರುವವರು ಇವತ್ತು ಒಂದು ಕೆಲಸ ಮಾಡಿ. ಆಸ್ತಿ ತೆರಿಗೆ ಕಟ್ಟಿದ ರಸೀದಿ ಬೀರುವಿನಲ್ಲಿ ಎಲ್ಲೋ ಇರುತ್ತಲ್ಲ, ಅದನ್ನ ತೆಗೆದು ನೋಡಿ. ಬೆಂಗಳೂರಿನವರಾದರೆ ತೆರಿಗೆಯ ಮೇಲೆ ಶೇಕಡಾ 24 ಸೆಸ್ ಅಂತ ಹಾಕಿರುತ್ತಾರೆ. ಕಟ್ಟುವಾಗ ಬೈದುಕೊಂಡು ಕಟ್ಟುತ್ತೇವೆ, ಯಾತಕ್ಕೆ ಅಂತ ಕೇಳಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಆ 24ರಲ್ಲಿ 15 ಆರೋಗ್ಯಕ್ಕೆ, 6 ಗ್ರಂಥಾಲಯಕ್ಕೆ. ಉಳಿದ 3 ಏನು ಗೊತ್ತಾ? ಭಿಕ್ಷುಕರ ಸೆಸ್. ಹೆಸರೇ ಹಾಗೆ. ನಿಮ್ಮ ತೆರಿಗೆ ಹತ್ತು ಸಾವಿರ ಆದರೆ ಮುನ್ನೂರು ರೂಪಾಯಿ, ಬೀದಿಯಲ್ಲಿ ಬಿದ್ದವರನ್ನ ನೋಡಿಕೊಳ್ಳೋದಕ್ಕೆ ಅಂತ ನೀವು ಪ್ರತಿ ವರ್ಷ ಕೊಡ್ತಾ ಇದ್ದೀರಿ. ಬೆಂಗಳೂರಿನವರಷ್ಟೇ ಅಲ್ಲ, ರಾಜ್ಯದ ಉಳಿದ ಊರುಗಳವರೂ ಕೊಡ್ತಾ ಇದ್ದೀರಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲೇ ಇದು ಬರೆದಿದೆ.

ಈ ರಸೀದಿಯನ್ನ ಪಕ್ಕದಲ್ಲಿ ಇಟ್ಟುಕೊಂಡಿರಿ. ಮತ್ತೆ ಅದಕ್ಕೆ ಬರ್ತೀನಿ.

ಹೋದ ತಿಂಗಳು ಒಬ್ಬ ತಾಯಿ ನಮ್ಮ ಆಫೀಸಿಗೆ ಫೋನ್ ಮಾಡಿದರು. ನಗರದ ಹಳೇ ಬಡಾವಣೆಯೊಂದರಲ್ಲಿ ಇರೋರು, ನಿವೃತ್ತ ಟೀಚರ್. ಅವರ ರಸ್ತೆ ಕೊನೆಯಲ್ಲಿ ಮುಚ್ಚಿದ ಅಂಗಡಿಯೊಂದರ ಶಟರ್ ಮುಂದೆ ಒಬ್ಬ ಹೆಂಗಸು ಬಂದು ಕೂತಿದ್ದಾರೆ. ಮೈಮೇಲೆ ಮೂರು ನಾಲ್ಕು ಬಟ್ಟೆ ಒಂದರ ಮೇಲೊಂದು, ಮಗ್ಗುಲಲ್ಲಿ ಒಂದು ಗಂಟು. ಯಾರ ಹತ್ತಿರವೂ ಕೈಚಾಚಲ್ಲ. ಒಬ್ಬರೇ ಮಾತಾಡ್ತಾರೆ, ಒಂದೊಂದು ಸಲ ರಸ್ತೆ ಮಧ್ಯಕ್ಕೆ ಹೋಗಿ ನಿಂತುಬಿಡ್ತಾರೆ. ಮೂಲೆಯ ಟೀ ಅಂಗಡಿಯವರು ಕೊಟ್ಟ ಬನ್ನು, ಟೀ, ಅಷ್ಟೇ ಊಟ. ಕಾಲಲ್ಲಿ ಗಾಯ. ಮಳೆ ಬೇರೆ. ‘ಸಾರ್, ರಾತ್ರಿ ನಿದ್ದೆ ಬರಲ್ಲ, ಒಂಟಿ ಹೆಂಗಸು’ ಅಂದರು ಟೀಚರ್. ಅವರು ಏನು ಹೇಳ್ತಾ ಇದ್ದಾರೆ ಅಂತ ನಿಮಗೂ ಅರ್ಥ ಆಯ್ತು ಅಂದುಕೊಂಡಿದ್ದೀನಿ.

ಟೀಚರ್ ಸುಮ್ಮನೆ ಕೂತವರಲ್ಲ. ಪೊಲೀಸರಿಗೆ ಮಾಡಿದರು. ಬಂದು ನೋಡಿದರು, ‘ಕ್ರೈಮ್ ಏನೂ ಆಗಿಲ್ವಲ್ಲ ಮೇಡಂ, ಆಸ್ಪತ್ರೆಯವರಿಗೆ ಹೇಳಿ’ ಅಂತ ಹೋದರು. ಆಸ್ಪತ್ರೆಗೆ ಮಾಡಿದರೆ ‘ಜೊತೆಗೆ ಮನೆಯವರು ಬೇಕು, ಆಧಾರ್ ಬೇಕು’. ಮನೆಯವರು ಇದ್ದಿದ್ದರೆ ಆಯಮ್ಮ ಶಟರ್ ಮುಂದೆ ಯಾಕೆ ಮಲಗ್ತಿದ್ದರು? ಇನ್ನೊಂದು ಕಚೇರಿಗೆ ಮಾಡಿದರೆ ‘ಇದು ನಮ್ಮ ವಾರ್ಡ್‌ಗೆ ಬರಲ್ಲ, ರಸ್ತೆಯ ಆ ಕಡೆ ಪಕ್ಕದ ವಾರ್ಡು’ ಅಂದರಂತೆ. ಎರಡು ದಿನ, ಹನ್ನೊಂದು ಫೋನು. ಟೀಚರಲ್ವಾ, ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಕೊನೆಗೆ ಯಾರೋ ಹೇಳಿದರಂತೆ, ‘ಸುಮ್ಮನಿರಿ ಮೇಡಂ, ಯಾವುದಾದರೂ ಗಾಡಿ ಬಂದು ಎತ್ತಿಕೊಂಡು ಹೋಗುತ್ತೆ.’

ಯಾವ ಗಾಡಿ?

ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನು ಕಾನೂನು ಪುಸ್ತಕಗಳವರೆಗೂ ಹೋದೆ. ನೀವು ಕೇಳಬೇಕಾದ್ದು ಇದು. ಶಟರ್ ಮುಂದೆ ಕೂತಿರುವ ಅದೇ ಹೆಂಗಸಿಗೆ ಈ ರಾಜ್ಯದಲ್ಲಿ ಎರಡು ಕಾನೂನು ಅನ್ವಯ ಆಗುತ್ತೆ. ಯಾವ ಗಾಡಿ ಮೊದಲು ಬರುತ್ತೋ ಆ ಕಾನೂನು.

ಮೊದಲನೇದು ನಾನು ಹೇಳಿದ 1975ರ ಕಾಯ್ದೆ. ಅದರಲ್ಲಿ ಭಿಕ್ಷುಕ ಅಂದರೆ ಕೈಚಾಚಿ ಬೇಡುವವರು ಮಾತ್ರ ಅಲ್ಲ. ಜೀವನಕ್ಕೆ ಕಣ್ಣಿಗೆ ಕಾಣುವ ದಾರಿ ಇಲ್ಲದೆ, ಬೇಡಿಯೇ ಬದುಕುತ್ತಿರಬೇಕು ಅನ್ನಿಸುವ ಸ್ಥಿತಿಯಲ್ಲಿ ಸಾರ್ವಜನಿಕ ಜಾಗದಲ್ಲಿ ಅಲೆಯುವವರೂ ಭಿಕ್ಷುಕರೇ. ಅನ್ನಿಸಿದರೆ ಸಾಕು! ಹಿಡಿದು ಗಾಡಿಗೆ ಹತ್ತಿಸಬಹುದು, ಪರಿಹಾರ ಕೇಂದ್ರದಲ್ಲಿ ವರ್ಷಗಟ್ಟಲೆ ಇಡಬಹುದು. ಬಡತನ ಇಲ್ಲಿ ಅಪರಾಧದ ಪಕ್ಕದ ಮನೆ. ಇಂಥದ್ದೇ ಕಾನೂನಿನ, ಭಿಕ್ಷೆ ಬೇಡುವುದನ್ನ ಅಪರಾಧ ಮಾಡುವ ಕಲಮುಗಳನ್ನ ದೆಹಲಿ ಹೈಕೋರ್ಟ್ 2018ರಲ್ಲಿ ಹೊಡೆದುಹಾಕಿತು. ಅದು ದೆಹಲಿಗೆ ಆಯ್ತು.

ಎರಡನೇದು 2017ರ ಮಾನಸಿಕ ಆರೋಗ್ಯ ಕಾಳಜಿ ಕಾಯ್ದೆ. ಜಾರಿಗೆ ಬಂದಿದ್ದು 2018ರ ಮೇ ತಿಂಗಳಲ್ಲಿ. ಇದರ 100ನೇ ಸೆಕ್ಷನ್ ಓದಿದಾಗ, ನಿಜ ಹೇಳ್ತೀನಿ, ನನಗೆ ನಾಚಿಕೆ ಆಯ್ತು. ಮೂರು ದಶಕ ಸುದ್ದಿ ಮಾಡಿಕೊಂಡು ಬಂದವನಿಗೆ ಇದು ಗೊತ್ತಿರಲಿಲ್ಲ. ಏನು ಹೇಳುತ್ತೆ ಅಂದರೆ: ಠಾಣೆಯ ಸರಹದ್ದಿನಲ್ಲಿ ಯಾರಾದರೂ ಅಲೆಯುತ್ತಿದ್ದರೆ, ಅವರಿಗೆ ಮಾನಸಿಕ ಕಾಯಿಲೆ ಇದೆ, ತಮ್ಮನ್ನ ತಾವು ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲ ಅಂತ ನಂಬಲು ಕಾರಣ ಇದ್ದರೆ, ಅವರನ್ನ ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ದಯೆ ಅಲ್ಲ ಸ್ವಾಮಿ, ಕರ್ತವ್ಯ. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ, ಯಾವ ಕಾರಣಕ್ಕೂ. ಮನೆಯಿಲ್ಲದವರಾದರೆ ಕಾಣೆಯಾದವರು ಅಂತ ಎಫ್‌ಐಆರ್ ಹಾಕಿ, ಅವರ ಕುಟುಂಬ ಎಲ್ಲಿದೆ ಅಂತ ಪತ್ತೆ ಹಚ್ಚುವ ಜವಾಬ್ದಾರಿಯೂ ಠಾಣೆಯದ್ದೇ. ಇನ್ನು ಆಸ್ಪತ್ರೆ ಆಧಾರ್ ಕೇಳಿತಲ್ಲ? ಅದೇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಪೂರ್ತಿ ಉಚಿತ. ಬಡವರಿಗೆ ಬಿಪಿಎಲ್ ಕಾರ್ಡ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅಂತ ಅಲ್ಲೇ ಬರೆದಿದ್ದಾರೆ.

ಅಂದರೆ ಏನಾಯ್ತು? ಒಂದು ಗಾಡಿ ಬಂದರೆ ಆಯಮ್ಮ ರೋಗಿ, ಹಕ್ಕುದಾರಳು. ಇನ್ನೊಂದು ಗಾಡಿ ಬಂದರೆ ಆಯಮ್ಮ ಭಿಕ್ಷುಕಿ, ಕೈದಿಯಂಥವಳು. ಆಯಮ್ಮ ಬೇಡಿಯೇ ಇಲ್ಲ ಅನ್ನೋದು ಬೇರೆ ಮಾತು.

ಎರಡನೇ ಗಾಡಿ ಹತ್ತಿದವರ ಕಥೆ ನಮ್ಮ ಊರಿನಲ್ಲೇ ಆಗಿದೆ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ, ಜನರ ಬಾಯಲ್ಲಿ ಬೆಗ್ಗರ್ಸ್ ಕಾಲೊನಿ. 2010ರ ಆಗಸ್ಟ್ ತಿಂಗಳಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾಂತಿ, ಭೇದಿ. ಊಟವೋ, ನೀರೋ ಅಂತ ಚರ್ಚೆ ನಡೀತು, ಮಂತ್ರಿಗಳು ಓಡಿ ಬಂದರು, ವಿರೋಧ ಪಕ್ಷದವರು ಬಂದರು, ನಾವು ಕ್ಯಾಮೆರಾದವರೂ ಗೇಟಿನ ಮುಂದೆ ಸಾಲಾಗಿ ನಿಂತೆವು. ನೂರು ಜನರ ಜಾಗದಲ್ಲಿ ಎಷ್ಟು ಜನರನ್ನ ತುಂಬಿದ್ದೀರಿ, ಡಾಕ್ಟರ್ ಎಲ್ಲಿ, ಅವರಲ್ಲಿ ಮಾನಸಿಕ ಕಾಯಿಲೆ ಇರೋರು ಎಷ್ಟು ಮಂದಿ, ಎಲ್ಲ ಕೇಳಿದೆವು. ಒಂದು ವಾರ ಕೇಳಿದೆವು. ಆಮೇಲೆ ಬೇರೆ ಸುದ್ದಿ ಬಂತು. ಸತ್ತವರಲ್ಲಿ ಎಷ್ಟೋ ಜನರ ಮನೆಯವರಿಗೆ ತಮ್ಮವರು ಅಲ್ಲಿದ್ದರು ಅನ್ನೋದೇ ಗೊತ್ತಿರಲಿಕ್ಕಿಲ್ಲ.

ಈಗ ಆ ರಸೀದಿ ತಗೊಳ್ಳಿ. ಶೇಕಡಾ 3. ಪಾಲಿಕೆ ನಿಮ್ಮಿಂದ ವಸೂಲಿ ಮಾಡಿ, ವಸೂಲಿ ಖರ್ಚು ಅಂತ ಒಂದಿಷ್ಟು ಹಿಡಿದುಕೊಂಡು, ಉಳಿದದ್ದನ್ನ ಸಮಾಜ ಕಲ್ಯಾಣ ಇಲಾಖೆಯ ಕೇಂದ್ರ ಪರಿಹಾರ ಸಮಿತಿಗೆ ಕೊಡಬೇಕು. ಕೊಟ್ಟಿತಾ? ವರ್ಷಗಟ್ಟಲೆ ಬಾಕಿ ಉಳಿಸಿಕೊಂಡಿತು, ಅದೂ ಕೋಟಿ ಕೋಟಿ ಲೆಕ್ಕದಲ್ಲಿ. ಇದು ನಾನು ಕಂಡುಹಿಡಿದ ರಹಸ್ಯ ಅಲ್ಲ, ಎಷ್ಟೋ ಸಲ ಪತ್ರಿಕೆಗಳಲ್ಲಿ ಬಂದಿದೆ. ನೀವು ತೆರಿಗೆ ಕಟ್ಟೋದು ಒಂದು ತಿಂಗಳು ತಡ ಮಾಡಿ ನೋಡಿ, ಬಡ್ಡಿ ಹಾಕ್ತಾರೆ. ಅವರು ಭಿಕ್ಷುಕರ ದುಡ್ಡನ್ನ ತಡ ಮಾಡಿದರೆ ಬಡ್ಡಿ ಕೇಳೋರು ಯಾರು? ಶಟರ್ ಮುಂದೆ ಕೂತಿರೋ ಆಯಮ್ಮ ಬಂದು ಕೇಳ್ತಾರಾ?

ರಾಜಕೀಯ ಅಂದರೆ ಇದೇ ನೋಡಿ. ರಾಜಕೀಯ ಅಂದ ತಕ್ಷಣ ಯಾರು ಮುಖ್ಯಮಂತ್ರಿ, ಯಾರು ಅಧ್ಯಕ್ಷ ಅಂತ ನಾವು ರಾತ್ರಿ ಒಂಬತ್ತಕ್ಕೆ ಕೂತು ಕಿರುಚಾಡ್ತೀವಿ. ಊರಿನ ರಾಜಕೀಯ ಇರೋದು ಚರಂಡಿಯಲ್ಲಿ, ಕಸದಲ್ಲಿ, ಫುಟ್‌ಪಾತಿನಲ್ಲಿ. ಬೆಂಗಳೂರಿನ ಪಾಲಿಕೆ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಅಷ್ಟೂ ವರ್ಷ ಕೋಟಿಗೂ ಮೀರಿ ಜನ ಇರುವ ಊರಿಗೆ ಒಬ್ಬ ಕಾರ್ಪೊರೇಟರ್ ಇಲ್ಲ. ಮನೆ ಇದ್ದವರಿಗೇ ಕೇಳೋರಿಲ್ಲದ ಮೇಲೆ ಮನೆ ಇಲ್ಲದವರ ಪಾಡೇನು?

ಅವರಿಗೆ ಓಟಿಲ್ಲ ಬಿಡಿ ಅಂತೀರಾ? ಅದೂ ತಪ್ಪು. ಮನೆಯಿಲ್ಲದವರ ಹೆಸರನ್ನೂ ಮತದಾರರ ಪಟ್ಟಿಗೆ ಸೇರಿಸಬಹುದು ಅಂತ ಚುನಾವಣಾ ಆಯೋಗವೇ ಹೇಳಿದೆ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಈ ವ್ಯಕ್ತಿ ಇಲ್ಲೇ ಮಲಗ್ತಾರಾ ಅಂತ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು, ದಾಖಲೆ ಪತ್ರ ಬೇಡ. ರಾತ್ರಿ ಟಾರ್ಚ್ ಹಿಡಿದು ಹೋದ ಅಧಿಕಾರಿಯನ್ನ ನೀವು ನೋಡಿದ್ದೀರಾ? ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೂ ಓಟು ಹೋಗಲ್ಲ. ಸ್ವಸ್ಥಚಿತ್ತರಲ್ಲ ಅಂತ ಕೋರ್ಟ್ ಘೋಷಿಸಬೇಕು. ಹಕ್ಕು ಇದೆ, ಹೆಸರು ಬರೆದುಕೊಳ್ಳುವವರಿಲ್ಲ ಅಷ್ಟೇ.

ಲೆಕ್ಕ ಬರೆಯೋದರಲ್ಲೂ ಹಾಗೇ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನ ಎಣಿಸಿದ್ದು ಒಂದೇ ಒಂದು ರಾತ್ರಿ, ಫೆಬ್ರವರಿ 28ರ ರಾತ್ರಿ. ಆ ಒಂದು ರಾತ್ರಿಯಲ್ಲಿ ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರದ ಮೇಲೆ. ಆ ರಾತ್ರಿ ಫ್ಲೈಓವರ್ ಕೆಳಗಿನ ಕತ್ತಲಲ್ಲಿ ಇದ್ದವರು, ಸಿಟಿ ಬಸ್ಸಿನಲ್ಲಿ ನಿದ್ದೆ ಹೋದವರು, ಗಣತಿದಾರರನ್ನ ನೋಡಿ ಹೆದರಿ ಓಡಿದವರು ಆ ಲೆಕ್ಕದಲ್ಲಿ ಇಲ್ಲ. ನಮ್ಮ ನಿಮ್ಹಾನ್ಸ್ ಮುಂದೆ ನಿಂತು ಮಾಡಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೊಡ್ಡ ಕೆಲಸವೇ. ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಗ್ತಾ ಇಲ್ಲ ಅಂತ ಹೇಳಿದ್ದೂ ಅದೇ. ಆದರೆ ಅದು ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ. ಬಾಗಿಲೇ ಇಲ್ಲದವರ ಬಾಗಿಲು ತಟ್ಟೋದು ಹೇಗೆ?

ರಾತ್ರಿ ತಂಗುದಾಣಗಳ ವಿಷಯ ಒಂದೇ ಮಾತಿನಲ್ಲಿ ಹೇಳ್ತೀನಿ. ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕು ಅಂತ ಕೇಂದ್ರದ ನಗರ ಜೀವನೋಪಾಯ ಯೋಜನೆಯ ನಿಯಮ ಇತ್ತು. ಹಳೇ ಗಣತಿ ಹಿಡಿದರೂ ಬೆಂಗಳೂರಿಗೆ ಎಂಬತ್ತಕ್ಕೂ ಹೆಚ್ಚು ಬೇಕಿತ್ತು. ಅದರ ಹತ್ತಿರಕ್ಕೂ ಹೋಗಲಿಲ್ಲ. ಇರುವ ಕೆಲವು ಕಡೆ ಕೂಡ, ಒಬ್ಬರೇ ಮಾತಾಡಿಕೊಳ್ಳೋರನ್ನ ಒಳಗೆ ಬಿಟ್ಟರೆ ಉಳಿದವರು ಗಲಾಟೆ ಮಾಡ್ತಾರೆ ಅಂತ ಬಾಗಿಲಲ್ಲೇ ತಡೀತಾರೆ.

ಹಾಗಂತ ಇವರು ಯಾರಿಗೂ ಕಾಣಲ್ಲ ಅಂತಲ್ಲ. ದೊಡ್ಡವರು ಬರುವಾಗ ಚೆನ್ನಾಗಿ ಕಾಣ್ತಾರೆ. 2017ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರ ಮಗಳು ಹೈದರಾಬಾದಿಗೆ ಬರ್ತಾರೆ ಅಂತ ಭಿಕ್ಷುಕರನ್ನ ರಸ್ತೆಯಿಂದ ಎತ್ತಿ ಜೈಲಿನ ಆವರಣದ ಆಶ್ರಯಗಳಿಗೆ ಸೇರಿಸಿದ್ದು ಲೋಕಕ್ಕೇ ಗೊತ್ತು. ಆಗ ಗಾಡಿ ಇತ್ತು, ಡೀಸೆಲ್ ಇತ್ತು, ಸಿಬ್ಬಂದಿ ಇತ್ತು. ಯಾರೂ ವಾರ್ಡ್ ಗಡಿ ಕೇಳಲಿಲ್ಲ.

ಈಗ ನನ್ನ ಮಾತು. ಹೇಳದೇ ಇದ್ದರೆ ಇಷ್ಟು ಹೊತ್ತು ಮಾತಾಡಿದ್ದು ಸುಳ್ಳಾಗುತ್ತೆ.

ಬಹಳ ವರ್ಷದ ಹಿಂದೆ. ನಾನಾಗ ವರದಿಗಾರ, ಬೇರೆ ಚಾನೆಲ್. ಒಂದು ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಕಂಡಕ್ಟರ್ ಮೇಲೆ ಕಲ್ಲು ಎಸೀತಾ ಇದ್ದಾರೆ ಅಂತ ಫೋನ್ ಬಂತು. ಓಡಿದೆವು. ಸೀರೆ ಜಾರಿತ್ತು, ಕೂದಲು ಕೆದರಿತ್ತು, ಸುತ್ತ ನೂರು ಜನ ನಿಂತು ನಗ್ತಾ ಇದ್ದರು. ಶೂಟ್ ಮಾಡಿದೆವು. ನಲವತ್ತು ಸೆಕೆಂಡಿನ ದೃಶ್ಯ. ಹಾಸ್ಯ ಸಿನಿಮಾದ ಮ್ಯೂಸಿಕ್ ಹಾಕಿ, ‘ಹುಚ್ಚಿಯ ರಂಪಾಟ’ ಅಂತ ಹೆಸರು ಕೊಟ್ಟು ಮಧ್ಯಾಹ್ನ ಪೂರ್ತಿ ಓಡಿಸಿದೆವು. ಆ ಹೆಸರು ಕೊಟ್ಟವನು ನಾನೇ. ರೇಟಿಂಗ್ ಬಂತು, ಬೆನ್ನು ತಟ್ಟಿದರು.

ನಾಲ್ಕನೇ ದಿನ ರಾಯಚೂರು ಕಡೆಯಿಂದ ಒಬ್ಬ ಹುಡುಗ ಆಫೀಸಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಮದುವೆ ಫೋಟೋ. ‘ಸರ್, ಅಕಿ ನಮ್ಮಕ್ಕ ಅದಾಳ್ರಿ. ಎರಡು ವರ್ಷ ಆತ್ರಿ ಮನಿ ಬಿಟ್ಟು. ನಿಮ್ಮ ಟಿವ್ಯಾಗ ನೋಡೀನ್ರಿ.’ ಬೈಯ್ಯಲಿಲ್ಲ. ಒಂದು ಮಾತು ಬೈಯ್ಯಲಿಲ್ಲ. ಅಕ್ಕ ಸಿಕ್ಕಳಲ್ಲ ಅಂತ ಖುಷಿಯಲ್ಲಿದ್ದ. ಕರಕೊಂಡು ನಿಲ್ದಾಣಕ್ಕೆ ಹೋದೆ. ಅಲ್ಲಿ ಇರಲಿಲ್ಲ. ಹಣ್ಣು ಮಾರುವವರು ಹೇಳಿದರು, ‘ನಿನ್ನೆ ಯಾವುದೋ ಗಾಡಿ ಬಂತು, ಹತ್ತಿಸಿಕೊಂಡು ಹೋದರು.’ ಯಾವ ಗಾಡಿ ಅಂತ ಅವರಿಗೂ ಗೊತ್ತಿಲ್ಲ. ಮೂರು ದಿನ ಅಲೆದೆವು. ಒಂದು ಕಡೆ ರಿಜಿಸ್ಟರಿನಲ್ಲಿ ‘ಹೆಸರು ತಿಳಿದಿಲ್ಲ, ಹೆಣ್ಣು, ವಯಸ್ಸು ಸುಮಾರು 35’ ಅಂತ ಒಂದೇ ಪುಟದಲ್ಲಿ ಐದು ಜನ ಇದ್ದರು. ಐದರಲ್ಲಿ ಯಾರೂ ಅವನ ಅಕ್ಕ ಅಲ್ಲ.

ಆಮೇಲೆ ಅವನು ಒಂದಷ್ಟು ವರ್ಷ ಯುಗಾದಿಗೆ ಫೋನ್ ಮಾಡ್ತಿದ್ದ. ಒಂದು ಸಲ ಕೇಳಿದ, ‘ಸರ್, ಆ ವಿಡಿಯೋ ಐತೇನ್ರಿ? ಅವ್ವ ನೋಡ್ಬೇಕು ಅಂತಾಳ್ರಿ.’ ಹುಡುಕಿಸಿದೆ. ಆ ಟೇಪಿನ ಮೇಲೆ ಬೇರೆ ಏನೋ ರೆಕಾರ್ಡ್ ಆಗಿತ್ತು. ಸಿಗಲಿಲ್ಲ ಅಂತ ಹೇಳೋಕೆ ಧೈರ್ಯ ಬರದೆ, ಹುಡುಕ್ತಾ ಇದ್ದೀವಪ್ಪ ಅಂದೆ.

ಅದಕ್ಕೇ ಇವತ್ತು ನಿಮ್ಮ ಪರದೆ ಮೇಲೆ ನನ್ನ ಮುಖ ಬಿಟ್ಟರೆ ಬೇರೆ ದೃಶ್ಯ ಇಲ್ಲ. ಶಟರ್ ಮುಂದೆ ಕೂತವರ ವಿಶುವಲ್ ಬೇಕು ಅಂತ ನಮ್ಮ ಹುಡುಗರು ಕೇಳಿದರು, ಬೇಡ ಅಂದೆ. ಕಾನೂನೂ ಅದೇ ದಾರಿಯಲ್ಲಿದೆ: ಚಿಕಿತ್ಸೆಯಲ್ಲಿ ಇರುವವರ ಫೋಟೋವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ, ಅದೇ 2017ರ ಕಾಯ್ದೆಯ 24ನೇ ಸೆಕ್ಷನ್. ಅಂದು ಈ ಸೆಕ್ಷನ್ ಇದ್ದಿದ್ದರೆ ನಾನು ಕ್ಯಾಮೆರಾ ಕೆಳಗೆ ಇಳಿಸ್ತಿದ್ದೆನಾ? ಗೊತ್ತಿಲ್ಲ. ಇಳಿಸ್ತಿರಲಿಲ್ಲ ಅಂತಲೇ ಕಾಣುತ್ತೆ.

ಪೊಲೀಸರನ್ನ ಬೈದು ಮುಗಿಸೋಣ ಅಂತಲೂ ಅಲ್ಲ. ಒಬ್ಬ ಇನ್‌ಸ್ಪೆಕ್ಟರ್ ನನಗೆ ಹೇಳಿದರು, ‘ಸಾರ್, ರಾತ್ರಿ ಹನ್ನೊಂದಕ್ಕೆ ಕರಕೊಂಡು ಹೋಗ್ತೀವಿ. ಹಾಸಿಗೆ ಇಲ್ಲ ಅಂತಾರೆ. ಮಹಿಳಾ ಕಾನ್‌ಸ್ಟೆಬಲ್ ಒಬ್ಬರೇ ಇರ್ತಾರೆ, ಅವರು ಬೆಳಗ್ಗೆವರೆಗೂ ಆಸ್ಪತ್ರೆ ಬೆಂಚಿನ ಮೇಲೆ.’ ಅದೂ ನಿಜ. ಆಸ್ಪತ್ರೆಯವರನ್ನ ಕೇಳಿದರೆ, ಗುಣ ಆದವರನ್ನ ಮನೆಯವರು ಕರಕೊಂಡು ಹೋಗಲ್ಲ, ಹಾಸಿಗೆ ಖಾಲಿ ಆಗೋದು ಹೇಗೆ ಅಂತಾರೆ. ಅದೂ ನಿಜ. ಗುಣ ಆದವರು ಇರೋದಕ್ಕೆ ಆಸ್ಪತ್ರೆಗೂ ಮನೆಗೂ ನಡುವೆ ಒಂದು ಮನೆ ಬೇಕು, ಅಂಥ ವ್ಯವಸ್ಥೆ ಸರ್ಕಾರ ಮಾಡಬೇಕು ಅಂತ ಕಾಯ್ದೆಯೇ ಹೇಳುತ್ತೆ, ಸುಪ್ರೀಂ ಕೋರ್ಟ್ ಎಷ್ಟೋ ಸಲ ರಾಜ್ಯಗಳನ್ನ ಕೇಳಿದೆ. ಆ ಮನೆಗಳನ್ನ ಕಟ್ಟೋದಕ್ಕೆ ದುಡ್ಡು ಎಲ್ಲಿದೆ ಅಂತ ಯಾರಾದರೂ ಕೇಳಿದರೆ, ನಿಮ್ಮ ಕೈಯಲ್ಲಿರೋ ರಸೀದಿ ತೋರಿಸಿ.

ಟೀಚರಿಗೆ ನಾನು ಮಾಡಿದ ಉಪಕಾರ ಅಂದರೆ 100ನೇ ಸೆಕ್ಷನ್ ಅನ್ನ ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದು ಅಷ್ಟೇ. ಅವರು ಆ ಹಾಳೆ ಹಿಡಿದು ಠಾಣೆಗೇ ಹೋದರು. ಫೋನಿನಲ್ಲಿ ಅಲ್ಲ, ಹೋಗಿ ಕೂತರು. ‘24 ಗಂಟೆ ಅಂತ ಇದೆಯಪ್ಪ, ನಾನು ಇಲ್ಲೇ ಇರ್ತೀನಿ’ ಅಂದರಂತೆ. ಸಂಜೆಯ ಹೊತ್ತಿಗೆ ಗಾಡಿ ಬಂತು. ಈ ಸಲ ಆಸ್ಪತ್ರೆಗೆ ಹೋಗುವ ಗಾಡಿ. ನಿಮ್ಮ ಬೀದಿಯಲ್ಲೂ ಹೀಗೆ ಯಾರಾದರೂ ಇದ್ದರೆ 112ಕ್ಕೆ ಮಾಡಿ, ಸೆಕ್ಷನ್ ನಂಬರ್ ಹೇಳಿ, ಹೇಳಿದ ಹೊತ್ತು ಬರೆದಿಟ್ಟುಕೊಳ್ಳಿ. ನಿಮ್ಮ ಮನೆಯವರಿಗೇ ತೊಂದರೆ ಇದ್ದರೆ 14416, ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ಆಯಮ್ಮ ಈಗ ವಾರ್ಡಿನಲ್ಲಿ ಇದ್ದಾರೆ. ಕಾಲಿನ ಗಾಯಕ್ಕೆ ಔಷಧಿ ಕಟ್ಟಿದ್ದಾರೆ. ಮೊದಲ ವಾರ ಮಾತಿಲ್ಲ. ಎರಡನೇ ವಾರ ತಮ್ಮ ಹೆಸರು ಹೇಳಿದರಂತೆ, ಊರಿನ ಹೆಸರು ಹೇಳಿದರಂತೆ. ಅದನ್ನ ನಾನು ಇಲ್ಲಿ ಹೇಳಲ್ಲ. ಆ ಊರು ಯಾವ ಜಿಲ್ಲೆ ಅಂತ ಠಾಣೆಯವರು ಹುಡುಕ್ತಾ ಇದ್ದಾರೆ, ಆ ಹೆಸರಿನ ಊರು ಮೂರು ಇವೆಯಂತೆ. ಟೀಚರ್ ನೋಡೋಕೆ ಹೋದಾಗ ಆಯಮ್ಮ ಕೇಳಿದ್ದು ಒಂದೇ, ನನ್ನ ಗಂಟು ಎಲ್ಲಿ ಅಂತ. ಟೀ ಅಂಗಡಿಯವರು ಅದನ್ನ ಬಿಸಾಡದೆ ಬೆಂಚಿನ ಕೆಳಗೆ ಎತ್ತಿಟ್ಟಿದ್ದರು. ಭಾನುವಾರ ಟೀಚರೇ ಆಟೋದಲ್ಲಿ ತೆಗೆದುಕೊಂಡು ಹೋಗಿ ಕೊಟ್ಟು ಬಂದಿದ್ದಾರೆ.